ಎದುರಿಗೆ ನಿಂತವರ ಎಡಗಡೆ

ಜೂನ್ 8

ಪೆನ್ಸಿಲ್,

ನೀನು ಹೋದ ಮೇಲೆ ಅಭ್ಯಾಸಬಲದಿಂದ ಎರಡು ಸಲ ನಿನ್ನ ಫೋನಿಗೆ ಕರೆ ಮಾಡಿದೆ. ಆಮೇಲೆ ನೆನಪಾಯಿತು, ಸರ್ಕಾರಿ ಕೆಲಸದ ಪರೀಕ್ಷೆ ಮುಗಿಯುವವರೆಗೆ ಅದನ್ನು ಹಾಸ್ಟೆಲ್ ಆಫೀಸಿನ ಕಪಾಟಿನಲ್ಲಿಟ್ಟು ಬೀಗ ಹಾಕಿಸಿದ್ದೀಯ ಎಂದು. ಭಾನುವಾರ ನಿನಗೆ ಸಿಗುವ ಹತ್ತು ನಿಮಿಷದಲ್ಲಿ ಒಂಬತ್ತು ನಿಮಿಷವನ್ನು ನಿಮ್ಮಮ್ಮ "ಊಟ ಮಾಡಿದ್ಯಾ, ನಿದ್ದೆ ಮಾಡ್ತಿದ್ದೀಯಾ" ಎನ್ನುವುದರಲ್ಲೇ ಮುಗಿಸುತ್ತಾಳೆ. ಉಳಿದ ಒಂದು ನಿಮಿಷ ನನ್ನ ಬಾಯಿಗೆ ಸಾಲುವುದಿಲ್ಲ. ಅದಕ್ಕೇ ಈ ಕಾಗದ.

ಇದರ ಜತೆ ಹದಿನಾಲ್ಕು ಹಾಳೆ ಇದೆ. ಒಂದೊಂದು ಹಾಳೆಯಲ್ಲಿ ಆರಾರು ಸ್ಲೈಡ್. ಎಲ್ಲ ನಾನೇ ಮಾಡಿದ್ದು. ಕೋಚಿಂಗ್ ಸೆಂಟರಿನಲ್ಲಿ ಪರದೆಯ ಮೇಲೆ ಹಾಕಿ ತೋರಿಸುವುದೂ ಇವನ್ನೇ, ಹುಡುಗರು ಪ್ರಿಂಟ್ ತೆಗೆದುಕೊಂಡು ಹೋಗುವುದೂ ಇವನ್ನೇ. ಫ್ಲೆಕ್ಸ್ ಬಂದು ನನ್ನ ಬ್ರಷ್ಷು ಒಣಗಿ ಹೋದಾಗ, ಐವತ್ತೆರಡನೇ ವಯಸ್ಸಿನಲ್ಲಿ ಬೋರ್ಡ್ ಬರೆಯುವವನು ಕಂಪ್ಯೂಟರ್ ಕಲಿಯುವುದುಂಟೇ ಎಂದು ನಕ್ಕವರಲ್ಲಿ ನೀನೂ ಒಬ್ಬಳು. ಈಗ ನೋಡು. ಸೆಂಟರಿನ ಯಜಮಾನರು, ನಮ್ಮ ಗಡಿಯಾರ ಸರ್, ಮೊನ್ನೆ ಎಲ್ಲರೆದುರು "ಇವರ ಸ್ಲೈಡ್ ಒಂದು ಸಲ ನೋಡಿದ್ರೆ ಸಾಕು, ಸಾಯೋ ತನಕ ಮರೆಯಲ್ಲ" ಎಂದರು. ಹಾಗೆಂದು ಕೈಗಡಿಯಾರ ನೋಡಿಕೊಂಡರು. ಅವರು ಹೊಗಳುವಾಗಲೂ ಗಡಿಯಾರ ನೋಡುತ್ತಾರೆ, ಬೈಯುವಾಗಲೂ ನೋಡುತ್ತಾರೆ.

ಎರಡನೇ ಹಾಳೆಯಲ್ಲಿ ಗ್ರಹಗಳಿವೆ. ನಿಮ್ಮಮ್ಮನ ಹೊಲಿಗೆ ಡಬ್ಬಿಯ ಗುಂಡಿಗಳು ಅವು, ಗುರುತು ಸಿಕ್ಕಿತಾ? ಗುರು ನನ್ನ ಹಳೇ ಕೋಟಿನ ಗುಂಡಿ. ಬುಧ ನಿನ್ನ ಒಂದು ವರ್ಷದ ಅಂಗಿಯದು. ಐದನೇ ಹಾಳೆಯಲ್ಲಿ ವಾತಾವರಣವನ್ನು ಐದಂತಸ್ತಿನ ಮನೆ ಮಾಡಿದ್ದೇನೆ. ಕೆಳಗಡೆ ಮಳೆ, ಮೋಡ, ಎಲ್ಲ ಗಲಾಟೆ. ಎರಡನೇ ಅಂತಸ್ತಿನಲ್ಲಿ ಓಝೋನ್ ಕೊಡೆ ಹಿಡಿದು ನಿಂತಿದೆ. ಕೊಡೆ ನಮ್ಮ ಮನೆಯದೇ, ಕಡ್ಡಿ ಮುರಿದದ್ದು.

ಪುಸ್ತಕ ಓದಿದ್ದು ಮರೆಯುತ್ತದೆ, ಕಂಡದ್ದು ಉಳಿಯುತ್ತದೆ. ಇದು ನಿನ್ನ ಕಡೇ ಸಲ ಎಂದು ನಾನು ನೆನಪಿಸಬೇಕಾಗಿಲ್ಲ. ಮುಂದಿನ ವರ್ಷಕ್ಕೆ ನಿನ್ನ ವಯಸ್ಸು ಮಿತಿ ದಾಟುತ್ತದೆ. ನೆನಪಿಸಿದೆ ನೋಡು, ನನ್ನ ಬುದ್ಧಿಯೇ ಇಷ್ಟು.

ನಿನ್ನ ಅಪ್ಪ


ಜೂನ್ 21

ಅಪ್ಪ,

ಹಾಳೆಗಳು ಬಂದವು. ಮಂಚದ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ರೂಮಿನ ಗೆಳತಿ ಬಂದು ನೋಡಿ, "ಇದೇನೇ, ಗೋಡೆಗೆ ಗುಂಡಿ ಹೊಲಿದಿದ್ದೀಯ" ಅಂದಳು. ಆಮೇಲೆ ಅವಳೇ ಗಂಟೆಗಟ್ಟಲೆ ಅದರ ಮುಂದೆ ನಿಂತಿರುತ್ತಾಳೆ. ಅವಳ ಹತ್ತಿರ ಇಟ್ಟಿಗೆಯಂಥ ಗೈಡ್ ಇದೆ. ಅದನ್ನು ಬೆಳಿಗ್ಗೆ ಓದಿ ಸಂಜೆ ಮರೆಯುತ್ತಾಳೆ.

ನಾನು ಹೇಗೆ ಓದುತ್ತೇನೆ ಗೊತ್ತಾ? ಒಂದು ಸ್ಲೈಡ್ ನೋಡುತ್ತೇನೆ, ಕಣ್ಣು ಮುಚ್ಚುತ್ತೇನೆ. ಯಾವ ಬಣ್ಣ ಯಾವ ಮೂಲೆಯಲ್ಲಿತ್ತು ಎಂದು ಕೇಳಿಕೊಳ್ಳುತ್ತೇನೆ. ಅಕ್ಷರ ಆಮೇಲೆ ಬರುತ್ತದೆ, ಬಣ್ಣ ಮೊದಲು. ಚಿಕ್ಕವಳಿದ್ದಾಗ ನೀವು ಅಂಗಡಿ ಗಾಜಿನ ಮೇಲೆ ಒಳಗಡೆಯಿಂದ ತಿರುಗುಮುರುಗಾಗಿ ಹೆಸರು ಬರೆಯುತ್ತಿದ್ದಿರಿ. ನಾನು ಹೊರಗೆ ಫುಟ್‌ಪಾತಿನ ಮೇಲೆ ನಿಂತು "ಈಗ ಸರಿಯಾಗಿ ಕಾಣ್ತಿದೆ" ಎಂದು ಕೈ ಆಡಿಸುತ್ತಿದ್ದೆ. ನಿಮ್ಮ ಕಿವಿಯ ಹಿಂದಿನ ಪೆನ್ಸಿಲ್ ಕದ್ದು ನನ್ನ ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದೆ. ಈ ಗೋಡೆ ನೋಡಿದಾಗೆಲ್ಲ ನೀವು ಒಳಗಡೆಯಿಂದ ಬರೆಯುತ್ತಿದ್ದೀರಿ, ನಾನು ಹೊರಗೆ ನಿಂತಿದ್ದೇನೆ ಅನ್ನಿಸುತ್ತದೆ.

ವಿಜ್ಞಾನ ನನಗೆ ಕಬ್ಬಿಣದ ಕಡಲೆ. ಇತಿಹಾಸ ಓದಿದವಳ ತಲೆಗೆ ಜೀವಶಾಸ್ತ್ರ ಇಳಿಯುತ್ತಿಲ್ಲ. ದೇಹದ ಭಾಗಗಳ ಸ್ಲೈಡ್ ಇದ್ದರೆ ಬೇಗ ಕಳಿಸಿ. ಅಮ್ಮನಿಗೆ ಹೇಳಿ, ಊಟ ಮಾಡುತ್ತಿದ್ದೇನೆ, ನಿದ್ದೆಯನ್ನೂ ಮಾಡುತ್ತಿದ್ದೇನೆ.

ನಿಮ್ಮ ಪೆನ್ಸಿಲ್


ಜುಲೈ 15

ಪೆನ್ಸಿಲ್,

ತಗೋ, ಇಡೀ ಮನುಷ್ಯನನ್ನೇ ಕಳಿಸಿದ್ದೇನೆ. ಕಣ್ಣು, ಕಿವಿ, ಜಠರ, ಮೂಳೆ, ಎಲ್ಲ. ಹೃದಯಕ್ಕೆ ಒಂದು ಪೂರ್ತಿ ಹಾಳೆ ಕೊಟ್ಟಿದ್ದೇನೆ.

ಈ ಹೃದಯದ ಕಥೆ ಹೇಳಲೇಬೇಕು. ಗಡಿಯಾರ ಸರ್ ಕೊಟ್ಟ ಪುಸ್ತಕದಲ್ಲಿ ಎಡಭಾಗ ಎಂದು ಬಲಗಡೆಗೆ ಬರೆದಿದ್ದರು, ಬಲಭಾಗ ಎಂದು ಎಡಗಡೆಗೆ. ನಾನು ಮೊದಲು ನನ್ನ ಕಣ್ಣನ್ನೇ ಉಜ್ಜಿಕೊಂಡೆ. ಆಮೇಲೆ ಹೊಳೆಯಿತು, ಅಚ್ಚು ಹಾಕುವಾಗ ಚಿತ್ರ ತಿರುಗಿಬಿಟ್ಟಿದೆ. ಒಬ್ಬ ಮಾಡಿದ ತಪ್ಪನ್ನು ನೋಡಿ ಉಳಿದವರೂ ಹಾಗೇ ಇಳಿಸಿಕೊಂಡಿರುತ್ತಾರೆ. ಮೂವತ್ತು ವರ್ಷ ಗಾಜಿನ ಹಿಂದೆ ಕೂತು ಎಡವನ್ನು ಬಲ ಮಾಡಿ, ಬಲವನ್ನು ಎಡ ಮಾಡಿ ಅನ್ನ ತಿಂದವನ ಕಣ್ಣಿನಿಂದ ಇದು ತಪ್ಪಿಸಿಕೊಳ್ಳುತ್ತದೆಯೇ? ನಾನು ಸರಿ ಮಾಡಿದೆ. ಎಡಭಾಗವನ್ನು ಎಡಗಡೆಗೇ ತಂದು ಕೆಂಪು ಹಚ್ಚಿದೆ, ಬಲಭಾಗವನ್ನು ಬಲಗಡೆಗೆ ತಂದು ನೀಲಿ ಹಚ್ಚಿದೆ. ಗಡಿಯಾರ ಸರ್‌ಗೆ ತೋರಿಸಿದರೆ "ಹೂಂ, ಹೂಂ, ಚೆನ್ನಾಗಿದೆ" ಎಂದು ಕೈಗಡಿಯಾರ ನೋಡಿಕೊಂಡು ಹೋದರು.

ನಿಮ್ಮಮ್ಮ "ಪುಸ್ತಕ ಬರೆದೋರಿಗಿಂತ ನೀವು ಹೆಚ್ಚು ತಿಳ್ಕೊಂಡಿದ್ದೀರಾ" ಎಂದು ಮೂತಿ ತಿರುಗಿಸಿದಳು. ಅವಳಿಗೆ ನಾನು ಮೀಸೆ ತಿರುವುವುದು ಕಂಡರಾಗದು. ನೀನು ಮಾತ್ರ ಯಾವ ಗೈಡನ್ನೂ ನಂಬಬೇಡ, ಈ ಹಾಳೆಯನ್ನು ನಂಬು.

ನಿನ್ನ ಅಪ್ಪ


ಆಗಸ್ಟ್ 29

ಅಪ್ಪ,

ನಾಡಿದ್ದು ಪರೀಕ್ಷೆ. ಈ ಕಾಗದ ನಿಮಗೆ ತಲುಪುವಷ್ಟರಲ್ಲಿ ಮುಗಿದಿರುತ್ತದೆ.

ಗೋಡೆಯಲ್ಲಿ ಈಗ ಜಾಗವಿಲ್ಲ. ಹೃದಯದ ಹಾಳೆಯನ್ನು ಬಾಗಿಲ ಹಿಂದೆ ಅಂಟಿಸಿದ್ದೇನೆ. ಕಣ್ಣು ಮುಚ್ಚಿದರೆ ಸಾಕು, ಎಲ್ಲ ಬರುತ್ತದೆ. ಎಡ ಕೆಂಪು, ಬಲ ನೀಲಿ. ಭಯವಿಲ್ಲ ಎಂದರೆ ಸುಳ್ಳಾಗುತ್ತದೆ. ಇದೂ ಆಗದಿದ್ದರೆ ಏನು ಮಾಡುವುದು ಎಂದು ಯೋಚಿಸಲು ಕೂತರೆ ಓದು ನಿಲ್ಲುತ್ತದೆ. ಅದಕ್ಕೆ ಯೋಚಿಸುತ್ತಿಲ್ಲ.

ನಿಮ್ಮ ಪೆನ್ಸಿಲ್


ನವೆಂಬರ್ 4

ಅಪ್ಪ, ಅಮ್ಮ,

ಪಟ್ಟಿ ಬಂತು. ನನ್ನ ನಂಬರ್ ಇಲ್ಲ. ಮುಕ್ಕಾಲು ಅಂಕಕ್ಕೆ ಹೋಯಿತು.

ಫೋನ್ ನನ್ನ ಕೈಯಲ್ಲೇ ಇದೆ. ಆದರೂ ಕಾಗದ ಬರೆಯುತ್ತಿದ್ದೇನೆ. ಅಮ್ಮನ ದನಿ ಕೇಳಿದರೆ ಮಾತು ಹೊರಡುವುದಿಲ್ಲ, ಅದಕ್ಕೆ. ನೀವು ಮಾಡಿದರೂ ನಾನು ಎತ್ತುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಹಾಸ್ಟೆಲಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೇನೆ. ಪರೀಕ್ಷೆಗೆ ಓದುವವರ ನೋಟ್ಸ್ ಬೆಳಿಗ್ಗೆಯಿಂದ ಸಂಜೆಯವರೆಗೆ ನನ್ನ ಕೈ ಕೆಳಗೇ ಹೋಗುತ್ತದೆ. ಸದ್ಯಕ್ಕೆ ಊರಿಗೆ ಬರುವುದಿಲ್ಲ.

ನಿಮ್ಮ ಮಗಳು


ನವೆಂಬರ್ 12

ಪೆನ್ಸಿಲ್,

ನಿನ್ನ ಕಾಗದವನ್ನು ನಿಮ್ಮಮ್ಮ ಹೊಲಿಗೆ ಮಿಷನ್ನಿನ ಮೇಲೆ ಇಟ್ಟುಕೊಂಡು ಎರಡು ದಿನ ಪೆಡಲ್ ತುಳಿಯಲಿಲ್ಲ. ನಾನು ಅಳಲಿಲ್ಲ ಎಂದುಕೋ.

ಮುಕ್ಕಾಲು ಅಂಕ ಎಂದರೆ ಒಂದು ಪ್ರಶ್ನೆ. ತಪ್ಪಾದರೆ ಕಾಲು ಅಂಕ ಕಳೆಯುತ್ತಾರೆ, ಸರಿಯಾದರೆ ಒಂದು ಕೊಡುತ್ತಾರೆ. ಯಾವುದೋ ಒಂದೇ ಒಂದು ಪ್ರಶ್ನೆ ಸರಿಯಾಗಿದ್ದರೆ ನೀನು ಈ ಹೊತ್ತು ಆಫೀಸಿನ ಕುರ್ಚಿಯಲ್ಲಿರುತ್ತಿದ್ದೆ. ಯಾವುದು ಅದು? ಸರಿ ಉತ್ತರಗಳ ಪಟ್ಟಿ ಬಂದಿರುತ್ತದಲ್ಲ, ನೋಡಿರುತ್ತೀಯ. ಎಲ್ಲಿ ಎಡವಿದೆ ಹೇಳು. ಇನ್ನು ಪ್ರಯೋಜನವಿಲ್ಲ ಎಂದು ನನಗೂ ಗೊತ್ತು. ಆದರೂ ತಿಳಿಯದೆ ಇದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ನಿನ್ನ ಅಪ್ಪ


ನವೆಂಬರ್ 29

ಅಪ್ಪ,

ಗಣಿತದಲ್ಲಿ ಹೋಯಿತು. ರೈಲಿನ ಲೆಕ್ಕ. ಇನ್ನು ಆ ಮಾತು ಬೇಡ.

ನಿಮ್ಮ ಮಗಳು


ಡಿಸೆಂಬರ್ 6

ಪೆನ್ಸಿಲ್,

ರೈಲಿನ ಲೆಕ್ಕವೇ? ಎಂಟನೇ ಕ್ಲಾಸಿನಲ್ಲಿ ಬೆಂಕಿಪೊಟ್ಟಣ ಸಾಲಾಗಿಟ್ಟು ನಾನೇ ಕಲಿಸಿಕೊಟ್ಟದ್ದನ್ನು ಕೈಯಾರೆ ಕಳೆದುಕೊಂಡೆಯಲ್ಲ. ಆತುರ ಮಾಡಿರುತ್ತೀಯ. ನಿನಗೆ ಮೊದಲಿಂದಲೂ ಆತುರ. ಕಷ್ಟದ ವಿಜ್ಞಾನವನ್ನೆಲ್ಲ ನಾನು ಬಣ್ಣ ಹಚ್ಚಿ ಬಾಯಿಗಿಟ್ಟೆ, ಸುಲಭದ್ದನ್ನು ನೀನು ಚೆಲ್ಲಿಕೊಂಡೆ. ಸಿಟ್ಟಿಗೆ ಬರೆಯುತ್ತಿದ್ದೇನೆ, ನಾಳೆ ಓದಿದರೆ ಹರಿದು ಹಾಕುತ್ತೇನೆಂದು ಈಗಲೇ ಅಂಚೆಗೆ ಹಾಕುತ್ತಿದ್ದೇನೆ.

ನಿನ್ನ ಅಪ್ಪ


ಜನವರಿ 17

ಮಗಳೇ,

ನನ್ನ ಹೋದ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಬರೆಯದಿದ್ದದ್ದೇ ನಿನ್ನ ದೊಡ್ಡತನ ಎಂದು ಇವತ್ತು ತಿಳಿಯಿತು.

ಹೋದ ವಾರ ನನ್ನ ಕೆಮ್ಮು ನಿಲ್ಲಲಿಲ್ಲ. ಮೂವತ್ತು ವರ್ಷದ ಥಿನ್ನರ್ ವಾಸನೆ ಎದೆಯಲ್ಲಿ ಕೂತಿದೆ ಎಂದು ನಿಮ್ಮಮ್ಮ ಇವತ್ತು ಎಳೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದಳು. ಹೆದರಬೇಡ, ಎದೆಯಲ್ಲಿ ಏನೂ ಇಲ್ಲ. ಎಕ್ಸ್‌ರೇ ತೆಗೆಯುವಾತ ಫಿಲಂ ಅನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದ. ಹೃದಯದ ನೆರಳು ನನ್ನ ಬಲಗಡೆಗೆ ವಾಲಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಫಿಲಂ ತಿರುಗಿಸಿ ಹಾಕಿದ್ದೀರಿ ನೋಡಿ" ಎಂದೆ.

ಆತ ನಕ್ಕ. "ಇಲ್ಲ ಯಜಮಾನ್ರೇ, ಸರಿಯಾಗೇ ಇದೆ. ಫಿಲಂನಲ್ಲಿ ಇರೋ ವ್ಯಕ್ತಿ ನಿಮ್ಮ ಎದುರಿಗೆ ನಿಂತಿದಾನೆ ಅಂದ್ಕೊಳ್ಳಿ. ಎದುರಿಗೆ ನಿಂತೋರ ಎಡಗಡೆ ನಮಗೆ ಬಲಗಡೆ ತಾನೇ ಕಾಣೋದು? ಹೃದಯದ ಚಿತ್ರ ಎಲ್ಲಾ ಹಾಗೇ ಬರೀತಾರೆ."

ನಾನು ತಿರುಗಿ ನೋಡಿದೆ. ನಿಮ್ಮಮ್ಮ ಎದುರಿಗೇ ನಿಂತಿದ್ದಳು, ಚೀಲ ಅವಳ ಎಡಗೈಯಲ್ಲಿತ್ತು. ನನಗೆ ಅದು ಬಲಗಡೆಗಿತ್ತು. ಮೂವತ್ತು ವರ್ಷ ಸಂಸಾರ ಮಾಡಿದವಳು ದಿನಾ ಎದುರಿಗೆ ನಿಂತರೂ ನನಗೆ ಇಷ್ಟು ತಿಳಿಯಲಿಲ್ಲವಲ್ಲ. ಗಾಜಿನ ಹಿಂದೆ ಕೂತವನಿಗೆ ಅಕ್ಷರ ತಿರುಗಿಸುವುದೊಂದೇ ಗೊತ್ತಿತ್ತು. ಚಿತ್ರದೊಳಗಿನ ಮನುಷ್ಯ ನನ್ನತ್ತ ಮುಖ ಮಾಡಿ ನಿಂತಿದ್ದಾನೆಂದು ಹೊಳೆಯಲೇ ಇಲ್ಲ. ಪುಸ್ತಕ ಸರಿಯಾಗಿತ್ತು. ಎಲ್ಲ ಪುಸ್ತಕಗಳೂ ಸರಿಯಾಗಿದ್ದವು. ನಾನೊಬ್ಬನೇ ತಿದ್ದಿದೆ.

ಮನೆಗೆ ಹೋಗಲಿಲ್ಲ. ನೇರ ಸೆಂಟರಿಗೆ ಹೋಗಿ ಹಳೇ ಪ್ರಶ್ನೆಪತ್ರಿಕೆಗಳ ಕಪಾಟು ತೆಗೆದೆ. ನೀನು ಬರೆದ ಪತ್ರಿಕೆ ಸಿಕ್ಕಿತು. ರೈಲಿನ ಲೆಕ್ಕವನ್ನು ಮೊದಲಿಂದ ಕೊನೆಯವರೆಗೆ ಹುಡುಕಿದೆ. ಆ ಪತ್ರಿಕೆಯಲ್ಲಿ ರೈಲಿನ ಲೆಕ್ಕವೇ ಇಲ್ಲ. ಅರವತ್ಮೂರನೇ ಪ್ರಶ್ನೆಯಲ್ಲಿ ಹೃದಯದ ಚಿತ್ರವಿದೆ. ಕೆಳಗಡೆಯ ಒಂದು ಕೋಣೆಗೆ ಬಾಣದ ಗುರುತು ಹಾಕಿ, ಇದು ಯಾವುದು ಎಂದು ಕೇಳಿದ್ದಾರೆ.

ನಿನ್ನ ಉತ್ತರ ಯಾವುದೆಂದು ಕೇಳುವ ಮುಖ ನನಗಿಲ್ಲ. ನಿನ್ನ ಕೆಲಸ ಕಳೆದವನು ನಾನು. ಕಳೆದು, ಮೇಲೆ ಆತುರಗಾತಿ ಎಂದು ಬೈದೆ. ಆ ಕಾಗದವನ್ನು ಹರಿದು ಹಾಕಿದ್ದೀಯ ಎಂದುಕೊಳ್ಳುತ್ತೇನೆ. ಇಟ್ಟುಕೊಂಡಿದ್ದರೂ ತಪ್ಪಿಲ್ಲ.

ಅಪ್ಪ


ಫೆಬ್ರವರಿ 3

ಮಗಳೇ,

ಉತ್ತರಕ್ಕೆ ಕಾಯುತ್ತಿಲ್ಲ. ನಡೆದದ್ದನ್ನು ಹೇಳುತ್ತೇನೆ.

ಗಡಿಯಾರ ಸರ್ ಹತ್ತಿರ ಹೋಗಿ ಹೃದಯದ ಸ್ಲೈಡ್ ತಪ್ಪಾಗಿದೆ ಎಂದೆ. ಅವರು ಪುಸ್ತಕ ತೆಗೆದು ನೋಡಿದರು, ಬೆವರು ಒರೆಸಿಕೊಂಡರು.

"ಒಂದು ಸ್ಲೈಡ್ ತಾನೇ. ಸದ್ದಿಲ್ದೆ ಬದಲಾಯಿಸಿಬಿಡಿ."

"ಪ್ರಿಂಟ್ ತಗೊಂಡು ಹೋದೋರ ಗತಿ?"

"ಅವರನ್ನೆಲ್ಲ ನಾನೆಲ್ಲಿ ಹುಡುಕ್ಲಿ?"

"ತಿಂಗಳೊಳಗೆ ಇನ್ನೊಂದು ಪರೀಕ್ಷೆ ಇದೆ ಸರ್. ಕ್ಲಾಸಲ್ಲಿ ಹೇಳಿಬಿಡೋಣ. ತಪ್ಪು ನಂದು ಅಂತ ನಾನೇ ಹೇಳ್ತೀನಿ."

"ತಪ್ಪು ನಿಮ್ದು, ಹೆಸರು ನಂದು. ಹೇಳಿದ್ರೆ ಉಳಿದ ಸ್ಲೈಡ್‌ಗಳನ್ನ ಯಾರು ನಂಬ್ತಾರೆ? ನೀವು ಬಾಯಿಗೆ ಬೀಗ ಹಾಕ್ಕೊಂಡಿದ್ರೆ ನಿಮಗೂ ಕ್ಷೇಮ, ನನಗೂ ಕ್ಷೇಮ."

ನಾನು ಎಂಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಅದನ್ನೂ ಮುಚ್ಚಿಡುವುದಿಲ್ಲ. ಈ ಕೆಲಸ ಹೋದರೆ ನನ್ನನ್ನು ಇನ್ನಾರು ಕರೆಯುತ್ತಾರೆ ಎಂದು ಅಂಜಿದೆ. ಒಂಬತ್ತನೇ ದಿನ ಒಬ್ಬಳು ಹುಡುಗಿ ಮೊದಲ ಬೆಂಚಿನಲ್ಲಿ ನನ್ನ ಹಳೇ ಹಾಳೆ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು. ತುಟಿ ಆಡುತ್ತಿತ್ತು. ಎಡ ಕೆಂಪು, ಬಲ ನೀಲಿ.

ಮರುದಿನ ಬೆಳಿಗ್ಗೆ ನಾನೇ ಹೋಗಿ ಸೆಂಟರಿನ ಬೀಗ ತೆಗೆದೆ. ರಸ್ತೆಗೆ ಕಾಣುವ ಮುಂದಿನ ದೊಡ್ಡ ಗಾಜು ಗೊತ್ತಲ್ಲ, ಹಿಂದೆ ಸೆಂಟರಿನ ಹೆಸರು ಬರೆದದ್ದೂ ನಾನೇ. ಆರು ವರ್ಷದ ಮೇಲೆ ಬ್ರಷ್ ನೆನೆಸಿದೆ. ಒಳಗಡೆ ಕೂತು ತಿರುಗುಮುರುಗಾಗಿ, ಹೊರಗಿನವರಿಗೆ ನೇರ ಕಾಣುವಂತೆ ಬರೆದೆ: "ನಮ್ಮ ಸ್ಲೈಡಿನಲ್ಲಿ ಹೃದಯದ ಎಡಬಲ ತಪ್ಪಾಗಿದೆ. ಚಿತ್ರ ನಿಮ್ಮ ಎದುರಿಗೆ ನಿಂತ ಮನುಷ್ಯನದು. ಅವನ ಎಡ ನಿಮ್ಮ ಬಲಕ್ಕೆ ಬರುತ್ತದೆ. ತಪ್ಪು ಚಿತ್ರ ಬರೆದವನದು." ಅಭ್ಯಾಸ ತಪ್ಪಿದ್ದರಿಂದ ಎರಡನೇ ಸಾಲು ಸ್ವಲ್ಪ ಇಳಿಜಾರಾಯಿತು. ಹೊರಗೆ ನಿಂತು ಸರಿಯಿದೆಯಾ ಎಂದು ಹೇಳುವವರಿರಲಿಲ್ಲ.

ಗಡಿಯಾರ ಸರ್ ಬರುವಷ್ಟರಲ್ಲಿ ಇಪ್ಪತ್ತು ಮೂವತ್ತು ಜನ ಫುಟ್‌ಪಾತಿನಲ್ಲಿ ನಿಂತು ಬರೆದುಕೊಳ್ಳುತ್ತಿದ್ದರು. ಅವರು ಓದಿದರು. ಅವತ್ತು ಮಾತ್ರ ಕೈಗಡಿಯಾರ ನೋಡಲಿಲ್ಲ. ಒಳಗೆ ಬಂದು ಬೀಗದ ಕೈ ಕೊಡಿ ಎಂದರು, ಕೊಟ್ಟೆ. ಸಂಜೆ ಥಿನ್ನರ್ ಹಾಕಿ ಒರೆಸಿದರಂತೆ. ಅಷ್ಟರಲ್ಲಿ ಹುಡುಗರು ಫೋಟೋ ತೆಗೆದುಕೊಂಡು ಊರೆಲ್ಲ ಹಂಚಿದ್ದರು.

ನಾನೀಗ ಮನೆಯಲ್ಲೇ ಇದ್ದೇನೆ. ನಿಮ್ಮಮ್ಮನ ಗುಂಡಿಗಳನ್ನು ಬಣ್ಣವಾರು ವಿಂಗಡಿಸಿ ಕೊಡುತ್ತೇನೆ. ಇದರಿಂದ ನಿನಗೆ ಏನೂ ವಾಪಸ್ ಬರುವುದಿಲ್ಲ ಎಂದು ಗೊತ್ತು. ನಿನ್ನಿಂದ ಒಂದೇ ಮಾತು ಬೇಕು. ಬೈದಾದರೂ ಬರೆ.

ಅಪ್ಪ


ಫೆಬ್ರವರಿ 16

ಅಪ್ಪ,

ಗಾಜಿನ ಫೋಟೋ ನಿಮ್ಮ ಕಾಗದಕ್ಕಿಂತ ಮೊದಲೇ ನನಗೆ ತಲುಪಿತ್ತು. ಒಬ್ಬ ಹುಡುಗ ನಮ್ಮ ಅಂಗಡಿಗೆ ಬಂದು ಇದರದ್ದು ನಲವತ್ತು ಕಾಪಿ ಬೇಕು ಎಂದ. ಮಿಷನ್ನಿನ ಕೆಳಗಿನಿಂದ ನಿಮ್ಮ ಅಕ್ಷರ ಒಂದೊಂದಾಗಿ ಹೊರಗೆ ಬಂತು. ಎರಡನೇ ಸಾಲು ನಿಜವಾಗಿಯೂ ಇಳಿಜಾರಾಗಿದೆ. ನಲವತ್ತೂ ಕಾಪಿ ತೆಗೆದು ಮುಗಿಯುವವರೆಗೆ ನಾನು ತಲೆ ಎತ್ತಲಿಲ್ಲ.

ಬೈದಾದರೂ ಬರೆ ಅಂದಿದ್ದೀರಿ. ಬೈಯುತ್ತೇನೆ. ನನಗೆ ನಿಮ್ಮ ಮೇಲೆ ಸಿಟ್ಟಿತ್ತು. ಸರಿ ಉತ್ತರಗಳ ಪಟ್ಟಿ ಬಂದ ದಿನ ಬಾಗಿಲ ಹಿಂದಿನ ಹಾಳೆಯನ್ನು ಉಗುರಿನಿಂದ ಕಿತ್ತೆ. ಗೊತ್ತಿಲ್ಲದ್ದನ್ನು ತಿದ್ದಲು ಹೋಗುವ ನಿಮ್ಮ ಚಾಳಿಗೆ ನನ್ನ ನಾಲ್ಕು ವರ್ಷದ ಓದು ಹೋಯಿತಲ್ಲ ಎಂದು ಅತ್ತೆ. ನಿಮಗೆ ಹೇಳಿದರೆ ನೀವು ಮುರಿದುಹೋಗುತ್ತೀರಿ ಎಂದು ರೈಲು ಬಿಟ್ಟೆ. ಅದಕ್ಕೂ ನೀವು ಬೈದಾಗ ಎಲ್ಲ ಬರೆದುಬಿಡೋಣ ಎಂದು ಪೆನ್ನು ಹಿಡಿದೆ. ಬರೆಯಲಾಗಲಿಲ್ಲ. ಬರೆಯಲಾಗದ್ದಕ್ಕೆ ಒಂದು ಕಾರಣವಿದೆ, ಅದನ್ನು ಯಾರಿಗೂ ಹೇಳಿಲ್ಲ.

ಪರೀಕ್ಷೆಗೆ ನಾಲ್ಕು ದಿನ ಮೊದಲು ರೂಮಿನ ಗೆಳತಿ ಅವಳ ಗೈಡ್ ತಂದು ಬಾಗಿಲ ಹಿಂದಿನ ಹಾಳೆಯ ಪಕ್ಕ ಹಿಡಿದಳು. "ನಿಮ್ಮಪ್ಪಂದು ಉಲ್ಟಾ ಇದೆ ಕಣೇ" ಅಂದಳು. ನಾನು ನಕ್ಕುಬಿಟ್ಟೆ. "ನಿನ್ನ ಗೈಡೇ ಉಲ್ಟಾ. ನಮ್ಮಪ್ಪ ಸರಿ ಮಾಡಿದಾರೆ" ಅಂದೆ. ಲೈಬ್ರರಿ ಎರಡು ಹೆಜ್ಜೆ ದೂರವಿತ್ತು. ಹೋಗಿ ಇನ್ನೊಂದು ಪುಸ್ತಕ ತೆಗೆದು ನೋಡಬಹುದಿತ್ತು, ನೋಡಲಿಲ್ಲ. ಪರೀಕ್ಷೆಯಲ್ಲಿ ಅರವತ್ಮೂರನೇ ಪ್ರಶ್ನೆ ಬಂದಾಗ ಅವಳ ಮಾತು ನೆನಪಾಯಿತು. ಪೆನ್ನು ಕೆಳಗಿಟ್ಟೆ. ಗೈಡೋ, ಅಪ್ಪನೋ ಎಂದು ಒಂದು ನಿಮಿಷ ಕೂತೆ. ಬಿಟ್ಟುಬಿಡುವುದಕ್ಕೂ ಅವಕಾಶವಿತ್ತು. ಯೋಚಿಸಿ, ತಿಳಿದು, ನಿಮ್ಮ ಉತ್ತರಕ್ಕೇ ಗುರುತು ಹಾಕಿದೆ.

ನಾನು ಆತುರ ಮಾಡಲಿಲ್ಲ ಅಪ್ಪ. ಅದನ್ನೊಂದು ನೀವು ತಿಳಿದುಕೊಂಡಿರಬೇಕು.

ಈಗಲೂ ಸಿಟ್ಟು ಪೂರ್ತಿ ಹೋಗಿಲ್ಲ. ಸ್ವಲ್ಪ ನಿಮ್ಮ ಮೇಲೆ, ಸ್ವಲ್ಪ ನನ್ನ ಮೇಲೆ ಉಳಿದಿದೆ. ಮುಂದೇನು ಎಂದು ಗೊತ್ತಿಲ್ಲ. ಜೆರಾಕ್ಸ್ ಅಂಗಡಿಯವರಿಗೆ ನಾಲ್ಕು ದಿನ ರಜೆ ಕೇಳಿದ್ದೇನೆ. ಗುರುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಅಮ್ಮನನ್ನು ಕರೆತರಬೇಡಿ, ಅವಳು ರಸ್ತೆಯಲ್ಲೇ ಅಳುತ್ತಾಳೆ. ನೀವೊಬ್ಬರೇ ಬನ್ನಿ. ಬಸ್ಸು ಇಳಿದು ನಿಮ್ಮ ಎದುರಿಗೇ ಬಂದು ನಿಲ್ಲುತ್ತೇನೆ. ಚೀಲ ನನ್ನ ಎಡಗೈಯಲ್ಲಿರುತ್ತದೆ, ನಿಮಗೆ ಬಲಗಡೆ ಕಾಣುತ್ತದೆ. ಕೈ ಚಾಚಿ ಇಸಿದುಕೊಳ್ಳಿ. ಗೋಡೆಯಿಂದ ಬಿಡಿಸಿದ ಹಾಳೆಗಳೆಲ್ಲ ಅದರಲ್ಲೇ ಇವೆ, ಭಾರವಾಗಿದೆ.

ಪೆನ್ಸಿಲ್